ಹಳೇ ಗಾಜಿನ ಬಾಟಲಿ ಸಿಕ್ಕಿತಾ? ತೊಳೆಯುವ ಮೊದಲು ಇದನ್ನು ಓದಿ

ಪಾಯ ತೋಡುವಾಗ, ಬಾವಿಯ ಹೂಳೆತ್ತುವಾಗ, ಅಟ್ಟ ಖಾಲಿ ಮಾಡುವಾಗ, ನೀರಿಳಿದ ಹೊಳೆ ದಂಡೆಯಲ್ಲಿ ಸುಮ್ನೆ ನಡೆಯುವಾಗ. ಹಳೇ ಬಾಟಲಿಗಳು ಸಿಗುವುದು ಹೀಗೇ. ಯಾರೂ ಹುಡುಕಿಕೊಂಡು ಹೋಗಿರುವುದಿಲ್ಲ. ಸಿಕ್ಕ ಮೇಲೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಇದನ್ನು ಕ್ಲೀನ್ ಮಾಡೋದು ಹೇಗೆ? ಇದು ಎಷ್ಟು ಹಳೇದು?

ಕಷ್ಟ ಏನಂದರೆ, ಹೆಚ್ಚಿನವರು ಮೊದಲ ಕೆಲಸ ಮುಗಿಸಿ ಆಮೇಲೆ ಎರಡನೆಯದನ್ನು ಕೇಳುತ್ತಾರೆ. ಅಷ್ಟರಲ್ಲಿ ಲೇಬಲ್ಲಿನ ಚೂರು, ಬಿರಡೆಯ ತುಂಡು, ತಳದಲ್ಲಿ ಅಂಟಿದ್ದ ಬಣ್ಣ ಎಲ್ಲ ನೀರಿನ ಜೊತೆ ಹೋಗಿರುತ್ತದೆ. ಹಾಗಾಗಿ ಈ ಲೇಖನದ ಕ್ರಮವೇ ಬೇರೆ. ಮೊದಲು ನೋಡುವುದು, ಆಮೇಲೆ ತೊಳೆಯುವುದು, ಆಮೇಲೆ ಹುಡುಕುವುದು.

ಬೇಕಾಗುವುದು ಇಷ್ಟು: ದಪ್ಪ ರಬ್ಬರ್ ಗ್ಲೌಸ್, ಎರಡು ಪ್ಲಾಸ್ಟಿಕ್ ಬಕೆಟ್ಟು, ಹಳೇ ಟವೆಲ್ಲು, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಬಾಟಲಿ ತೊಳೆಯುವ ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್, ಬಿಳಿ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಪುಡಿ, ಒಂದು ಹಿಡಿ ಅಕ್ಕಿ, ಟಾರ್ಚು, ಭೂತಗನ್ನಡಿ, ತೆಳು ಕಾಗದ, ಪೆನ್ಸಿಲ್ಲು. ಫೋಟೋಗೆ ಫೋನ್ ಸಾಕು.

ಹಂತ 1: ಒಳಗೆ ಏನಾದರೂ ಇದೆಯಾ?

ಖಾಲಿ ಬಾಟಲಿಯಾದರೆ ಮುಂದಿನ ಹಂತಕ್ಕೆ ಹೋಗಿ. ಒಳಗೆ ದ್ರವ, ಪುಡಿ ಅಥವಾ ಹರಳು ಇದ್ದರೆ ಅಲ್ಲೇ ನಿಲ್ಲಿ. ಮುಚ್ಚಳ ತೆಗೆಯಬೇಡಿ, ಮೂಸಬೇಡಿ, ಚರಂಡಿಗೆ ಸುರಿಯಬೇಡಿ.

ಇದು ಹೆದರಿಸಲು ಹೇಳುವ ಮಾತಲ್ಲ. ಹಳೇ ಔಷಧಿ ಮತ್ತು ಲ್ಯಾಬ್ ಬಾಟಲಿಗಳಲ್ಲಿ ಪಾದರಸದ ಲವಣ, ಆರ್ಸೆನಿಕ್, ಸ್ಟ್ರಿಕ್ನಿನ್ ಇರುತ್ತಿದ್ದವು. ಪಿಕ್ರಿಕ್ ಆಸಿಡ್ ಎಂಬುದೊಂದಿದೆ, ಹಳದಿ ಬಣ್ಣದ್ದು. ಅದು ಒಣಗಿ ಮುಚ್ಚಳದ ಸಂದಿನಲ್ಲಿ ಹರಳುಗಟ್ಟಿದರೆ, ಮುಚ್ಚಳ ತಿರುಗಿಸುವ ಉಜ್ಜಾಟಕ್ಕೇ ಸಿಡಿಯಬಹುದು. ದುಂಡಗಿನ ಗಾಜಿನ ಬುಡ್ಡೆಯೊಳಗೆ ಬಣ್ಣವಿಲ್ಲದ ದ್ರವ ತುಂಬಿದ್ದರೆ ಅದು ಬೆಂಕಿಗೆ ಎಸೆದು ಆರಿಸುವ ಹಳೇ ಕಾಲದ ಸಾಧನ ಇರಬಹುದು. ಅಂಥ ಕೆಲವದರಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಇರುತ್ತದೆ. ಅದರ ಆವಿ ಲಿವರ್ರಿಗೂ ಕಿಡ್ನಿಗೂ ವಿಷ.

ಮೈತುಂಬ ಏಣು ಅಥವಾ ಗುಬಟು ಇರುವ ಕಡುನೀಲಿ, ಕಡುಹಸಿರು ಬಾಟಲಿ ಕಂಡರೆ ಇನ್ನೂ ಹುಷಾರಾಗಿರಿ. ವಿಷದ ಬಾಟಲಿಯನ್ನು ಕತ್ತಲಲ್ಲೂ ಕೈಗೇ ಗೊತ್ತಾಗುವ ಹಾಗೆ ಮಾಡುತ್ತಿದ್ದರು. ಅಂಥದ್ದನ್ನು ಅಲುಗಾಡಿಸದೆ ದೂರ ಇಟ್ಟು, ಅಪಾಯಕಾರಿ ಕಸ ನೋಡಿಕೊಳ್ಳುವವರಿಗೋ ಅಗ್ನಿಶಾಮಕದವರಿಗೋ ತಿಳಿಸಿ. ಹಳದಿ ಹರಳು ಕಂಡರಂತೂ ಇದ್ದ ಜಾಗದಿಂದ ಎತ್ತಲೇಬೇಡಿ.

ಇನ್ನೊಂದು ಮಾತು. ಬೇರೆಯವರ ನೆಲದಲ್ಲಿ ಸಿಕ್ಕಿದ್ದು ನಿಮ್ಮದಲ್ಲ, ಕೇಳಿ ತೆಗೆದುಕೊಳ್ಳಿ. ಪುರಾತನ ಸ್ಮಾರಕ, ಉತ್ಖನನದ ಜಾಗವಾದರೆ ಮುಟ್ಟಲೇಬೇಡಿ.

ಹಂತ 2: ಕೊಳೆ ಇರುವಾಗಲೇ ನೋಡಿ, ಬರೆದಿಡಿ

ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಪಕ್ಕದಲ್ಲಿ ಇನ್ನೇನಿತ್ತು ಎಂದು ಎರಡು ಸಾಲು ಬರೆಯಿರಿ. ಪಕ್ಕದಲ್ಲಿದ್ದ ನಾಣ್ಯ, ಗುಂಡಿ, ಪಿಂಗಾಣಿ ಚೂರು ಬಾಟಲಿಯ ವಯಸ್ಸನ್ನು ಬಾಟಲಿಗಿಂತ ಚೆನ್ನಾಗಿ ಹೇಳುವುದುಂಟು.

ಆಮೇಲೆ ಫೋಟೋ ತೆಗೆಯಿರಿ. ನಾಲ್ಕು ಬೇಕೇ ಬೇಕು: ಇಡೀ ಬಾಟಲಿ, ಬಾಯಿ ಮತ್ತು ಕತ್ತು, ತಳ, ಅಕ್ಷರಗಳಿರುವ ಭಾಗ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ.

ಕಾಗದದ ಲೇಬಲ್ಲಿನ ಬೆರಳಗಲದ ಚೂರು ಉಳಿದಿದ್ದರೂ ಆ ಬಾಟಲಿಯನ್ನು ನೆನೆಹಾಕಬೇಡಿ. ಲೇಬಲ್ ಇರುವ ಬದಿಯನ್ನು ಬಿಟ್ಟು, ಒದ್ದೆ ಬಟ್ಟೆಯಿಂದ ಉಳಿದ ಭಾಗ ಒರೆಸಿ. ಅಷ್ಟು ಸಾಕು. ಗಾಜಿನ ಮೇಲೇ ಬಣ್ಣದಲ್ಲಿ ಅಕ್ಷರ ಅಚ್ಚಾಗಿದ್ದರೂ ಅಷ್ಟೇ. ಮಣ್ಣಿನಲ್ಲಿ ಬಹಳ ಕಾಲ ಇದ್ದ ಬಣ್ಣ ಉಜ್ಜಿದರೆ ಕಿತ್ತು ಬರುತ್ತದೆ, ಹುಳಿಗೂ ತಡೆಯುವುದಿಲ್ಲ.

ಕೊನೆಗೆ ಟಾರ್ಚು ಹಿಡಿದು ಬಿರುಕು ಹುಡುಕಿ. ಕೂದಲೆಳೆಯಂಥ ಬಿರುಕು ಬೆಳಕಿಗೆ ಬೆಳ್ಳಿ ಗೆರೆಯ ಹಾಗೆ ಮಿಂಚುತ್ತದೆ. ಬಿರುಕಿದ್ದ ಬಾಟಲಿಯನ್ನು ಕುಲುಕಬೇಡಿ.

ಹಂತ 3: ನೆನೆಹಾಕಿ, ಕಾಯಿರಿ

ಬಕೆಟ್ಟಿನ ತಳಕ್ಕೆ ಟವೆಲ್ ಹಾಸಿ. ಬಾಟಲಿ ಎಷ್ಟು ತಣ್ಣಗಿದೆಯೋ ನೀರೂ ಅಷ್ಟೇ ತಣ್ಣಗಿರಬೇಕು. ಬಿಸಿನೀರು ಬೇಡವೇ ಬೇಡ. ಗಾಜಿನಲ್ಲಿ ಶಾಖ ನಿಧಾನವಾಗಿ ಹರಡುತ್ತದೆ. ಬಿಸಿ ತಾಗಿದ ಕಡೆ ಹಿಗ್ಗುತ್ತದೆ, ತಣ್ಣಗಿರುವ ಕಡೆ ಹಿಗ್ಗುವುದಿಲ್ಲ, ನಡುವೆ ಸೀಳುತ್ತದೆ. ಹಳೇ ಬಾಟಲಿಗಳ ಗಾಜು ಒಂದೇ ದಪ್ಪ ಇರುವುದಿಲ್ಲವಾದ್ದರಿಂದ ಅಪಾಯ ಇನ್ನೂ ಜಾಸ್ತಿ. ನನ್ನ ಮೊದಲ ಒಳ್ಳೆಯ ಬಾಟಲಿ ಹೀಗೇ ಹೋಯಿತು. "ಟಕ್" ಅಂತ ಒಂದೇ ಸದ್ದು, ತಳ ಬೇರೆ, ಮೈ ಬೇರೆ.

ನೀರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಎರಡು ದಿನ ಬಿಡಿ. ಒಳಗಿನ ಮಣ್ಣು ಗಟ್ಟಿಯಾಗಿದ್ದರೆ ವಾರ ಬಿಟ್ಟರೂ ನಷ್ಟವಿಲ್ಲ, ನೀರು ಬದಲಿಸುತ್ತಿರಿ. ಒಣಗಿದ ಮಣ್ಣನ್ನು ಕಡ್ಡಿಯಲ್ಲಿ ಕೆರೆದು ತೆಗೆಯುವ ಆಸೆ ಆಗುತ್ತದೆ. ಮಣ್ಣಲ್ಲಿರುವ ಮರಳಿನ ಕಣ ಗಾಜಿಗಿಂತ ಗಟ್ಟಿ, ಕೆರೆದ ಕಡೆಯೆಲ್ಲ ಗೀರು ಬೀಳುತ್ತದೆ. ಡಿಶ್‌ವಾಷರಿಗೂ ಹಾಕಬೇಡಿ. ಬಿಸಿ, ಕ್ಷಾರ, ತಾಕಲಾಟ ಮೂರೂ ಒಟ್ಟಿಗೆ.

ಹಂತ 4: ಒಳಭಾಗ

ಮಣ್ಣು ಮೆತ್ತಗಾದ ಮೇಲೆ ನೀರು ತುಂಬಿ ಚೆಲ್ಲಿ, ಹಾಗೆ ನಾಲ್ಕೈದು ಸಲ. ಆಮೇಲೆ ಬ್ರಷ್. ಬಾಟಲಿ ಬ್ರಷ್ಷಿನ ತುದಿಯಲ್ಲಿ ತಂತಿ ಮೊನೆ ಇರುತ್ತದೆ, ಅದಕ್ಕೆ ಚಿಂದಿ ಬಟ್ಟೆ ಸುತ್ತಿ ದಾರ ಕಟ್ಟಿ.

ಬ್ರಷ್ ಹೋಗದ ಮೂಲೆಗೆ ಅಕ್ಕಿ. ಕಾಲು ಭಾಗ ನೀರು, ಎರಡು ಚಮಚ ಅಕ್ಕಿ, ಒಂದು ತೊಟ್ಟು ಲಿಕ್ವಿಡ್ ಹಾಕಿ. ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ, ಬಾಯಿ ಮುಚ್ಚಿ, ವೃತ್ತಾಕಾರವಾಗಿ ತಿರುಗಿಸಿ. ಮೇಲೆ ಕೆಳಗೆ ಕುಟ್ಟಿದ ಹಾಗೆ ಕುಲುಕಬೇಡಿ. ಅಕ್ಕಿ ಸಾಲದಿದ್ದರೆ ತಾಮ್ರದ ಸಣ್ಣ ತುಣುಕುಗಳನ್ನು ಬಳಸುವವರಿದ್ದಾರೆ. ಮೋಸ್ ಗಡಸುತನದ ಅಳತೆಯಲ್ಲಿ ತಾಮ್ರ ಸುಮಾರು 3, ಗಾಜು ಸುಮಾರು 5.5. ಹಾಗಾಗಿ ಗೀರು ಬೀಳುವುದಿಲ್ಲ. ಮರಳು 7, ಅದನ್ನು ಹಾಕಲೇಬೇಡಿ. ಜಲ್ಲಿ, ಮೊಳೆ, ಕಬ್ಬಿಣದ ಗುಂಡು ಹಾಕಿ ಅಂತ ಯಾರಾದರೂ ಸಲಹೆ ಕೊಟ್ಟರೆ ನಗುತ್ತಾ ತಲೆಯಾಡಿಸಿ, ಮಾಡಬೇಡಿ.

ಹಂತ 5: ಬಿಡದ ಕಲೆಗಳು

ಇಲ್ಲಿ ಮೊದಲು ಕಲೆ ಯಾವುದು ಅಂತ ಗುರುತಿಸಬೇಕು. ಮೂರಕ್ಕೆ ಮೂರು ಬೇರೆ ಮದ್ದು.

ಬಿಳೀ ಗಟ್ಟಿ ಪೊರೆ, ಉಗುರಿಗೆ ಒರಟಾಗಿ ತಾಗುತ್ತದೆ ಅಂದರೆ ಅದು ಗಡಸು ನೀರಿನ ಸುಣ್ಣ. ವಿನೆಗರ್ ಅಥವಾ ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಸಿಡ್ ತುಂಬಿ ಒಂದು ರಾತ್ರಿ ಬಿಡಿ. ಗುಳ್ಳೆ ಬಂದರೆ ಮದ್ದು ಸರಿಯಾಗಿದೆ ಅಂತ ಅರ್ಥ.

ಕಂದು, ಕಿತ್ತಳೆ ಕಲೆ ಸಾಮಾನ್ಯವಾಗಿ ಕಬ್ಬಿಣದ ತುಕ್ಕು. ಇದಕ್ಕೂ ಮೊದಲು ಸಿಟ್ರಿಕ್ ಆಸಿಡ್ಡೇ ಹಾಕಿ ನೋಡಿ. ಜಗ್ಗದಿದ್ದರೆ ಆಕ್ಸಾಲಿಕ್ ಆಸಿಡ್ ಕೆಲಸ ಮಾಡುತ್ತದೆ, ಆದರೆ ಅದು ವಿಷ. ಗ್ಲೌಸ್, ಕನ್ನಡಕ, ಗಾಳಿಯಾಡುವ ಜಾಗ ಇಲ್ಲದೆ ಮುಟ್ಟಬೇಡಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆ ಕಲೆಯನ್ನು ಇದ್ದ ಹಾಗೇ ಬಿಡಿ, ಏನೂ ಮುಳುಗಿಹೋಗುವುದಿಲ್ಲ.

ಎಚ್ಚರಿಕೆ: ಬ್ಲೀಚ್ ಬಳಸಿದ ಬಾಟಲಿಗೆ ವಿನೆಗರ್ ಆಗಲಿ ಬೇರೆ ಆಸಿಡ್ ಆಗಲಿ ಹಾಕಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚಿಗೆ ಅಮೋನಿಯಾ ಸೇರಿದರೂ ವಿಷಾನಿಲವೇ. ಒಂದು ಸಲಕ್ಕೆ ಒಂದೇ ಮದ್ದು, ನಡುವೆ ಚೆನ್ನಾಗಿ ನೀರಲ್ಲಿ ತೊಳೆಯಿರಿ. ಗಾಜನ್ನು ಕೊರೆಯುವ ಹೈಡ್ರೋಫ್ಲೋರಿಕ್ ಆಸಿಡ್ ವಿಷಯ ಎಲ್ಲಾದರೂ ಓದಿದರೆ ಅಲ್ಲೇ ಮರೆತುಬಿಡಿ. ಅದು ಚರ್ಮದ ಮೂಲಕ ಒಳಗಿಳಿದು ಜೀವಕ್ಕೇ ತೊಂದರೆ ಮಾಡುತ್ತದೆ.

ಇನ್ನು ಮೂರನೆಯದು, ಎಲ್ಲರನ್ನೂ ಕಾಡುವುದು. ತೊಳೆದಾಗ ಬಾಟಲಿ ಫಳಫಳ, ಒಣಗಿದ ಕೂಡಲೇ ಮತ್ತೆ ಮಂಜು ಕವಿದ ಹಾಗೆ ಮಬ್ಬು. ಕೆಲವೊಮ್ಮೆ ಎಣ್ಣೆ ಬಿದ್ದ ನೀರಿನಂತೆ ಕಾಮನಬಿಲ್ಲಿನ ಬಣ್ಣ. ಇದು ಕೊಳೆಯೇ ಅಲ್ಲ. ಸಾಮಾನ್ಯ ಬಾಟಲಿ ಗಾಜಿನಲ್ಲಿ ಮರಳಿನ ಜೊತೆ ಸೋಡಾ ಮತ್ತು ಸುಣ್ಣ ಸೇರಿರುತ್ತದೆ. ವರ್ಷಗಟ್ಟಲೆ ತೇವದ ಮಣ್ಣಿನಲ್ಲಿದ್ದರೆ ಸೋಡಾ ಅಂಶ ನಿಧಾನವಾಗಿ ನೀರಿಗೆ ಇಳಿದುಹೋಗುತ್ತದೆ, ಮೇಲ್ಮೈ ಪದರ ಪದರವಾಗುತ್ತದೆ. ಇದಕ್ಕೆ "ಗಾಜಿನ ಕಾಯಿಲೆ" ಅನ್ನುತ್ತಾರೆ. ಗಾಜೇ ಸವೆದಿರುವಾಗ ಯಾವ ಸೋಪು ಏನು ಮಾಡೀತು?

ಇದಕ್ಕಿರುವ ನಿಜವಾದ ದಾರಿ ಒಂದೇ, ಪಾಲಿಶ್. ತಾಮ್ರದ ತುಣುಕು ಮತ್ತು ಸೀರಿಯಂ ಆಕ್ಸೈಡಿನಂಥ ನುಣ್ಣನೆಯ ಪುಡಿ ಹಾಕಿ, ಯಂತ್ರದಲ್ಲಿ ದಿನಗಟ್ಟಲೆ ಬಾಟಲಿಯನ್ನು ಉರುಳಿಸುತ್ತಾರೆ. ಮಬ್ಬು ಹೋಗುತ್ತದೆ, ಜೊತೆಗೆ ಗಾಜಿನ ಒಂದು ಪದರವೂ ಹೋಗುತ್ತದೆ, ಅಕ್ಷರಗಳ ಅಂಚು ಮೊಂಡಾಗುತ್ತದೆ. ನನ್ನ ಮಟ್ಟಿಗೆ ಆ ಕಾಮನಬಿಲ್ಲೇ ಚೆಂದ. ಮಬ್ಬಾದ ಗಾಜಿಗೆ ಎಣ್ಣೆ ಸವರಿದರೆ ಹೊಸದರಂತೆ ಕಾಣುತ್ತದೆ. ಇದು ಮಾರುವವರ ಹಳೇ ಉಪಾಯ. ಕೊಳ್ಳುವಾಗ ಒಳಗೆ ಬೆರಳಾಡಿಸಿ ನೋಡಿ.

ಎಲ್ಲಿ ನಿಲ್ಲಿಸಬೇಕು? ಅಕ್ಷರ ಓದಲು ಬಂತು, ವಾಸನೆ ಹೋಯಿತು, ಕೈಗೆ ಮಣ್ಣು ಅಂಟುವುದಿಲ್ಲ ಅಂದರೆ ಸಾಕು, ಅಲ್ಲಿಗೆ ನಿಲ್ಲಿಸಿ.

ಹಂತ 6: ಬಾಟಲಿಯನ್ನು ಓದುವುದು

ಈಗ ಮಜಾ ಶುರು. ಒಂದು ನಿಯಮ ನೆನಪಿರಲಿ: ಯಾವ ಒಂದು ಗುರುತೂ ಒಂಟಿಯಾಗಿ ವಯಸ್ಸು ಹೇಳುವುದಿಲ್ಲ. ಪ್ರತಿ ಗುರುತಿನಿಂದ "ಇದಕ್ಕಿಂತ ಹಳೇದಲ್ಲ" ಅಥವಾ "ಇದಕ್ಕಿಂತ ಹೊಸದಾಗಿರಲಾರದು" ಅಂತ ಒಂದು ಗಡಿ ಸಿಗುತ್ತದೆ. ಗಡಿಗಳನ್ನು ಒಟ್ಟು ಮಾಡಿದಾಗ ಮಧ್ಯೆ ಉಳಿಯುವುದೇ ನಿಮ್ಮ ಉತ್ತರ.

ಮೊದಲು ಅಚ್ಚಿನ ಗೆರೆ. ಎರಡು ಹೋಳಿನ ಅಚ್ಚು ಕೂಡುವ ಜಾಗದಲ್ಲಿ ಗಾಜಿನ ಮೇಲೆ ಉಳಿಯುವ ಸಣ್ಣ ಏಣು ಇದು. ಬಾಟಲಿಯ ಬದಿಯಲ್ಲಿ ಉಗುರು ಇಟ್ಟು ಕೆಳಗಿನಿಂದ ಮೇಲಕ್ಕೆ ಹೋಗಿ. ಗೆರೆ ಕತ್ತಿನ ಹತ್ತಿರ, ತುಟಿಗಿಂತ ಕೆಳಗೇ ಮಾಯವಾದರೆ, ಬಾಯಿಂದ ಊದಿ ಮಾಡಿದ ಬಾಟಲಿ ಇರಬಹುದು. ಆಗ ಮೈ ಅಚ್ಚಿನಲ್ಲಿ, ತುಟಿ ಮಾತ್ರ ಕೈಯಲ್ಲಿ ಆಗುತ್ತಿತ್ತು. ಗೆರೆ ತುಟಿಯ ಮೇಲೂ ಹತ್ತಿ ದಾಟಿದರೆ ಯಂತ್ರದ್ದು. ಮೈಕಲ್ ಓವೆನ್ಸ್ ಅಮೆರಿಕದಲ್ಲಿ ಪೂರ್ತಿ ಸ್ವಯಂಚಾಲಿತ ಬಾಟಲಿ ಯಂತ್ರ ತಂದದ್ದು 1903ರ ಹೊತ್ತಿಗೆ. ಮುಂದಿನ ಒಂದೆರಡು ದಶಕದಲ್ಲಿ ಊದುವವರ ಕೆಲಸ ಬಹುಪಾಲು ಯಂತ್ರಕ್ಕೆ ಹೋಯಿತು.

ಗೆರೆಯೇ ಇಲ್ಲದಿದ್ದರೆ? "ಹಾಗಾದರೆ ತುಂಬಾ ಹಳೇದು" ಅಂತ ಖುಷಿಪಡುವವರೇ ಹೆಚ್ಚು. ತಾಳಿ. ಊದುವಾಗ ಅಚ್ಚಿನೊಳಗೆ ಬಾಟಲಿಯನ್ನು ತಿರುಗಿಸುವ ಪದ್ಧತಿಯೂ ಇತ್ತು. ಆಗ ಗೆರೆ ಅಳಿಸಿಹೋಗುತ್ತದೆ, ಬದಲಿಗೆ ಮೈಸುತ್ತ ಅಡ್ಡಡ್ಡ ಸಣ್ಣ ಗೆರೆ ಉಳಿಯುತ್ತದೆ. ವೈನ್ ಬಾಟಲಿಗಳಲ್ಲಿ ಇದು ಮಾಮೂಲಿ. ಇದಕ್ಕೆ ಉಲ್ಟಾ ಕೂಡ ಉಂಟು. ಊದಿ ಮಾಡಿದ ಕೆಲವು ಜಾಡಿಗಳಲ್ಲಿ ಗೆರೆ ಬಾಯಂಚಿನವರೆಗೂ ಹೋಗುತ್ತದೆ, ಆದರೆ ಬಾಯಂಚು ಅರೆದು ಒರಟಾಗಿರುತ್ತದೆ.

ಆಮೇಲೆ ತಳ. ನಡುವೆ ಮುರಿದ ಗಾಜಿನ ಒರಟು ಉಂಗುರ ಇದ್ದರೆ ಅದು ಪಾಂಟಿಲ್ ಗುರುತು. ಬಾಯಿ ತಿದ್ದುವಾಗ ಬಾಟಲಿ ಹಿಡಿಯಲು ತಳಕ್ಕೆ ಅಂಟಿಸುತ್ತಿದ್ದ ಸಲಾಕೆಯ ಹೆಸರೇ ಪಾಂಟಿಲ್. 1860ರ ದಶಕದ ನಂತರದ ಮಾಮೂಲಿ ಬಾಟಲಿಗಳಲ್ಲಿ ಇದು ಅಪರೂಪ. ಇಂದಿನ ಕೈಕೆಲಸದ ಅಲಂಕಾರದ ಬಾಟಲಿಗಳಲ್ಲೂ, ಹಳೆಯದರ ನಕಲುಗಳಲ್ಲೂ ಇರುತ್ತದೆ ಎಂಬುದನ್ನು ಮರೆಯಬೇಡಿ. ನಡುವಿನಿಂದ ಸ್ವಲ್ಪ ಸರಿದು, ಗರಿಗರಿಯಾದ ಅಂಚಿನ ವೃತ್ತ ಕಂಡರೆ ಅದು ಓವೆನ್ಸ್ ಯಂತ್ರದ ಕತ್ತರಿ ಬಿಟ್ಟ ಕಲೆ. ತಳದ ಅಂಚಿನ ಸುತ್ತ ಸಣ್ಣ ಚುಕ್ಕಿ, ಗೀಟುಗಳ ಸಾಲಿದ್ದರೆ ಹೆಚ್ಚುಕಮ್ಮಿ 1940ರ ನಂತರದ್ದು.

ಬಾಯಿ ಏನನ್ನು ಕೇಳುತ್ತಿದೆ ನೋಡಿ. ಬಿರಡೆಯಾ, ತಿರುಪು ಮುಚ್ಚಳವಾ, ತಗಡಿನ ಮುಚ್ಚಳವಾ? ಸೋಡಾ ಬಾಟಲಿಗಳಲ್ಲಿ ಕಾಣುವ ಅಂಚು ಮಡಿಸಿದ ತಗಡಿನ ಮುಚ್ಚಳಕ್ಕೆ ವಿಲಿಯಂ ಪೇಂಟರ್ ಪೇಟೆಂಟ್ ಪಡೆದದ್ದು 1892ರಲ್ಲಿ. ಅದಕ್ಕೆ ತಕ್ಕ ತುಟಿಯಿದ್ದರೆ ಬಾಟಲಿ ಅದಕ್ಕಿಂತ ಹಳೇದಾಗಲು ಸಾಧ್ಯವಿಲ್ಲ. ಕತ್ತಿನಲ್ಲಿ ಚಿವುಟಿದ ಹಾಗೆ ಎರಡು ತಗ್ಗು, ಒಳಗೆ ಗೋಲಿ ಇದ್ದರೆ ನಮಗೆಲ್ಲ ಗೊತ್ತಿರುವ ಗೋಲಿ ಸೋಡಾ ಬಾಟಲಿ. ಇದು ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತನ ತಲೆಯಿಂದ ಬಂದದ್ದು, ಪೇಟೆಂಟ್ 1872ರದ್ದು. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ತಳವೇ ಇಲ್ಲದೆ ಮೊಟ್ಟೆಯಂತೆ ಚೂಪಾಗಿರುವ ಬಾಟಲಿ ಸಿಕ್ಕರೆ ಅದೂ ಸೋಡಾದ್ದೇ. ನಿಲ್ಲಿಸಲು ಆಗುವುದಿಲ್ಲ, ಮಲಗಿಸಲೇಬೇಕು. ಮಲಗಿದರೆ ಬಿರಡೆ ಒದ್ದೆಯಾಗಿರುತ್ತದೆ, ಗ್ಯಾಸ್ ಸೋರುವುದಿಲ್ಲ. ಜಾಣತನ ಅಲ್ವಾ?

ಬಣ್ಣ ಕಡಿಮೆ ಹೇಳುತ್ತದೆ, ಜನ ಜಾಸ್ತಿ ನಂಬುತ್ತಾರೆ. ನಸುಹಸಿರು ಮರಳಿನಲ್ಲಿದ್ದ ಕಬ್ಬಿಣದ್ದು, ಕಡುನೀಲಿ ಕೋಬಾಲ್ಟಿನದ್ದು. ಇವು ಎಲ್ಲಾ ಕಾಲದಲ್ಲೂ ಇದ್ದವು. ಉಪಯೋಗಕ್ಕೆ ಬರುವುದು ತೆಳು ನೇರಳೆ. ಕಬ್ಬಿಣದ ಹಸಿರನ್ನು ಅಡಗಿಸಲು ಗಾಜಿಗೆ ಮ್ಯಾಂಗನೀಸ್ ಸೇರಿಸುತ್ತಿದ್ದರು. ಅಂಥ ಬಿಳಿ ಗಾಜು ವರ್ಷಗಟ್ಟಲೆ ಬಿಸಿಲು ಕುಡಿದರೆ ನೇರಳೆಗೆ ತಿರುಗುತ್ತದೆ. ಅಂಥವು ಹೆಚ್ಚಾಗಿ 1880ರಿಂದ 1920ರ ನಡುವಿನವು. ಬದನೆಕಾಯಿಯಷ್ಟು ಕಡುನೇರಳೆಯಾಗಿದ್ದರೆ ಅನುಮಾನಪಡಿ, ಕೃತಕ ವಿಕಿರಣ ಕೊಟ್ಟು ಬಣ್ಣ ಬರಿಸುವವರಿದ್ದಾರೆ. ಗಾಜಿನೊಳಗಿನ ಗುಳ್ಳೆಯಂತೂ ವಯಸ್ಸಿಗೆ ಸಾಕ್ಷಿಯೇ ಅಲ್ಲ. ಇವತ್ತಿನ ಅಗ್ಗದ ಗಾಜಿನಲ್ಲೂ ಗುಳ್ಳೆ ಇರುತ್ತದೆ.

ಹಂತ 7: ಅಕ್ಷರಗಳ ಬೆನ್ನು ಹತ್ತಿ

ಉಬ್ಬಕ್ಷರ ಸವೆದಿದ್ದರೆ ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಮಲಗಿಸಿ ಉಜ್ಜಿ. ಅಥವಾ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ನೆರಳಿನಲ್ಲಿ ಏಳುತ್ತದೆ.

ಬಾಟಲಿಯ ಮೇಲೆ ಇಬ್ಬರು ಮೂವರ ಹೆಸರು ಇರಬಹುದು. ಮೈಮೇಲಿರುವುದು ಸಾಮಾನ್ಯವಾಗಿ ಸರಕು ತುಂಬಿ ಮಾರಿದವರದ್ದು. ತಳದಲ್ಲಿರುವ ಸಣ್ಣ ಅಕ್ಷರ, ಚಿಹ್ನೆ ಹೆಚ್ಚಾಗಿ ಗಾಜಿನ ಕಾರ್ಖಾನೆಯದ್ದು. ಇವೆರಡನ್ನು ಬೆರೆಸಿ ಹುಡುಕಿದರೆ ಏನೂ ಸಿಗುವುದಿಲ್ಲ, ಬೇರೆ ಬೇರೆ ಹುಡುಕಿ.

ಚಿಹ್ನೆ ಗೊತ್ತಾದರೆ ಕೆಲಸ ಎಷ್ಟು ಸಲೀಸು ನೋಡಿ. ಅಮೆರಿಕದ ಓವೆನ್ಸ್-ಇಲಿನಾಯ್ ಕಂಪನಿ 1929ರಿಂದ 1950ರ ದಶಕದವರೆಗೆ ವಜ್ರಾಕೃತಿ, ಅದರ ಮೇಲೆ "ಓ", ಒಳಗೆ "ಐ" ಹಾಕುತ್ತಿತ್ತು. ಎಡಗಡೆ ಕಾರ್ಖಾನೆ ಸಂಖ್ಯೆ, ಬಲಗಡೆ ವರ್ಷದ ಅಂಕಿ. ಒಂದೇ ಅಂಕಿಯಾದರೆ ಎಡವಬಹುದು, 0 ಅಂದರೆ 1930 ಕೂಡ, 1940 ಕೂಡ. ಬ್ರಿಟಿಷ್ ವಿನ್ಯಾಸ ನೋಂದಣಿಯ ವಜ್ರದ ಗುರುತು, ಮೂಲೆಗಳಲ್ಲಿ ಅಕ್ಷರ ಮತ್ತು ಅಂಕಿ ಇರುವಂಥದ್ದು, 1842ರಿಂದ 1883ರವರೆಗಿನದು. ಮದ್ಯದ ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ "ಫೆಡರಲ್ ಲಾ ಫರ್ಬಿಡ್ಸ್ ಸೇಲ್ ಆರ್ ರೀಯೂಸ್ ಆಫ್ ದಿಸ್ ಬಾಟಲ್" ಅಂತಿದ್ದರೆ ಅದು ಅಮೆರಿಕದ್ದು. ಆ ಸಾಲು ಕಡ್ಡಾಯವಾಗಿದ್ದದ್ದು 1935ರಿಂದ 1964ರವರೆಗೆ.

ಪೇಟೆಂಟ್ ತಾರೀಕಿಗೆ ಮಾತ್ರ ಮೋಸಹೋಗಬೇಡಿ. ಮೇಸನ್ ಜಾಡಿಗಳ (ಹಣ್ಣು, ತರಕಾರಿ ಕೆಡದಂತೆ ಹಾಕಿಡುವ, ತಿರುಪು ಮುಚ್ಚಳದ ಅಮೆರಿಕದ ಗಾಜಿನ ಜಾಡಿಗಳು) ಮೇಲೆ 1858ರ ನವೆಂಬರ್ 30 ಅಂತ ಉಬ್ಬಕ್ಷರದಲ್ಲಿ ಇರುತ್ತದೆ. ಆ ತಾರೀಕು ಹೊತ್ತ ಜಾಡಿಗಳನ್ನು 20ನೇ ಶತಮಾನದಲ್ಲೂ ಮಾಡುತ್ತಿದ್ದರು. ತಾರೀಕು ಹೇಳುವುದು ಅದಕ್ಕಿಂತ ಮುಂಚಿನದಲ್ಲ ಎಂದಷ್ಟೇ.

ನೆಟ್ಟಿನಲ್ಲಿ ಹುಡುಕುವಾಗ ಪೂರ್ತಿ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಜೊತೆಗೆ "ಬಾಟಲ್" ಅಂತ ಸೇರಿಸಿ. ಸಿಗದಿದ್ದರೆ ಹೆಸರು ಮತ್ತು ಊರು ಮಾತ್ರ. ಹಳೇ ಪತ್ರಿಕೆಗಳ ಜಾಹೀರಾತು, ವ್ಯಾಪಾರಿಗಳ ಡೈರೆಕ್ಟರಿ, ಪೇಟೆಂಟ್ ದಾಖಲೆ, ಮ್ಯೂಸಿಯಂಗಳ ಆನ್‌ಲೈನ್ ಪಟ್ಟಿ ಇವು ಭರವಸೆಯ ಜಾಗಗಳು. ಒಂದು ಅಂಗಡಿ ಎಂದಿನಿಂದ ಎಂದಿನವರೆಗೆ ಆ ವಿಳಾಸದಲ್ಲಿತ್ತು ಅಂತ ಡೈರೆಕ್ಟರಿಯಲ್ಲಿ ಸಿಕ್ಕಿತೋ, ಬಾಟಲಿಯ ವಯಸ್ಸು ಕೆಲವೇ ವರ್ಷಗಳ ಅಂತರಕ್ಕೆ ಇಳಿಯುತ್ತದೆ. ಫೋಟೋ ಹಾಕಿ ಹುಡುಕುವುದು ಆಕಾರಕ್ಕೆ ಸರಿ, ವಯಸ್ಸಿಗೆ ಅಲ್ಲ.

ಬೆಲೆ ನೋಡುವವರಿಗೆ ಒಂದು ಮಾತು. ಮಾರುವವರು ಕೇಳುವ ಬೆಲೆ ಬೆಲೆಯಲ್ಲ, ಮಾರಾಟವಾದದ್ದೇ ಬೆಲೆ. ಅಂಚಿನ ಒಂದು ಚಕ್ಕೆ ಅದನ್ನೂ ಅರ್ಧ ಮಾಡಬಹುದು.

ಹಂತ 8: ಒಣಗಿಸಿ ಇಡುವುದು

ಬಾಯಿ ಕೆಳಗೆ ಮಾಡಿ, ಓರೆಯಾಗಿ, ಟವೆಲ್ಲಿನ ಮೇಲೆ ಒಣಗಲು ಬಿಡಿ. ಗಾಳಿ ಒಳಗೆ ಆಡಬೇಕು. ಡ್ರೈಯರ್, ಒಲೆಯ ಪಕ್ಕ, ಸುಡುಬಿಸಿಲು ಬೇಡ. ಪೂರ್ತಿ ಒಣಗುವ ಮೊದಲು ಬಿರಡೆ ಹಾಕಿದರೆ ಒಳಗೆ ತೇವ ನಿಂತು ಮತ್ತೆ ಅದೇ ಮಬ್ಬು ಶುರುವಾಗುತ್ತದೆ. ಹೂದಾನಿ ಮಾಡಿ ನೀರು ತುಂಬಿಟ್ಟರೂ ನೀರಿನ ಮಟ್ಟದಲ್ಲಿ ಅಳಿಸಲಾಗದ ಗೆರೆ ಬೀಳುತ್ತದೆ. ಎಷ್ಟೇ ತೊಳೆದರೂ ಕುಡಿಯುವ ನೀರಿಗೆ, ಅಡುಗೆ ಎಣ್ಣೆಗೆ ಬಳಸಬೇಡಿ. ಮೊದಲು ಅದರಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿಲ್ಲ.

ಹಂತ 2ರಲ್ಲಿ ಬರೆದ ಎರಡು ಸಾಲಿಗೆ ಈಗ ಸಿಕ್ಕ ಗಡಿಗಳನ್ನೂ ಸೇರಿಸಿ ಒಂದು ಚೀಟಿ ಮಾಡಿ. ಚೀಟಿಯನ್ನು ಬಾಟಲಿಗೆ ಅಂಟಿಸಬೇಡಿ, ಟೇಪಿನ ಗೋಂದು ತೆಗೆಯುವುದು ಮಣ್ಣು ತೆಗೆಯುವುದಕ್ಕಿಂತ ಕಷ್ಟ. ಸುರುಳಿ ಸುತ್ತಿ, ದಾರ ಕಟ್ಟಿ, ಕತ್ತಿಗೆ ನೇತುಹಾಕಿ.